ಉರ್ಸುಲಾಳ ಕೇಕು, ಕುವೈತಿನ ಶಾಕು

ಮ್ಯಾಕ್ಸಿಮ್ ಕುಟಿನ್ಹಾನ ಹೆಸರಿನಲ್ಲಿ ಮ್ಯಾಕ್ಸಿಮಮ್ ಇದ್ದರೂ ಬಾಯಲ್ಲಿ ಇದ್ದದ್ದು ಮಿನಿಮಮ್. ಐವತ್ತಾರು ವರ್ಷಗಳಲ್ಲಿ ಅವನು ಆಡಿದ ಮಾತುಗಳನ್ನೆಲ್ಲ ಗುಡಿಸಿ ಒಟ್ಟು ಮಾಡಿದರೂ ಅವನ ಹೆಂಡತಿ ಉರ್ಸುಲಾಳ ಒಂದು ಮಧ್ಯಾಹ್ನಕ್ಕೆ ಸಾಲದು ಎಂದು ಬಿಕರ್ನಕಟ್ಟೆಯ ನೆರೆಕರೆಯವರು ಹೇಳುವುದುಂಟು. ಅದು ಸ್ವಲ್ಪ ಅನ್ಯಾಯ. ಉರ್ಸುಲಾ ಮಧ್ಯಾಹ್ನ ಮಾತಾಡುವುದಿಲ್ಲ. ಐಸಿಂಗ್ ಹಾಕುವಾಗ ಕೈ ಅಲುಗುತ್ತದೆಂದು ಬಾಯಿ ಮುಚ್ಚಿಕೊಂಡಿರುತ್ತಾಳೆ.

ಮದುವೆ ಕೇಕು ಮಾಡುವುದು ಅವಳ ಕೆಲಸ. ಅದನ್ನು ಹಾಲಿಗೆ ಮುಟ್ಟಿಸುವುದು ಅವನದು. ಒಲೆಯ ಮೇಲೆ ಕಾಯಿಸುವ ಹಾಲಲ್ಲ, ನೆಂಟರನ್ನು ಕಾಯಿಸುವ ಹಾಲು. ಹಿಂದೆ ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ಐದಂತಸ್ತಿನ ಕೇಕಿನಲ್ಲಿ ನಾಲ್ಕು ಅಂತಸ್ತು ರಟ್ಟು. ಮದುಮಕ್ಕಳು ಚೂರಿ ಇಡುವ ಜಾಗದಲ್ಲಿ ಮಾತ್ರ ಒಂದು ತುಂಡು ಅಸಲು. ರಟ್ಟಿಗೆ ಎಂತ ಬಿರುಕು ಬೀಳುತ್ತದೆ? ಈಗ ಜನರಿಗೆ ಐದೂ ಅಸಲೇ ಆಗಬೇಕು. ಕೇಕಿಗೆ ಐದು ಟಿಯರ್, ಪಿಕಪ್ಪಿಗೆ ನಾಲ್ಕು ಟಯರ್. ಸ್ಟೆಪ್ನಿ ಸೇರಿಸಿದರೆ ಸಮಸಮ.

ಪಿಕಪ್ಪಿಗೆ ಮೊದಲು ಅವನು ಒಂದು ಕಾನ್ವೆಂಟ್ ಶಾಲೆಯ ವ್ಯಾನು ಓಡಿಸುತ್ತಿದ್ದ. ಒಂದು ದಿನ ದಾರಿಯಲ್ಲಿ ವ್ಯಾನು ನಿಲ್ಲಿಸಿ ಅಂಗಡಿಯ ಮುಂದೆ ಅರ್ಧ ಗಂಟೆ ಕಳೆದನೆಂದು ಸಸ್ಪೆನ್ಷನ್ ಕಾಗದ ಬಂತು. ಒಂದು ಮಗು ವಾಂತಿ ಮಾಡಿಕೊಂಡಿತ್ತು, ಅದಕ್ಕೆ ಸೋಡಾ ಕುಡಿಸಿ ಬಟ್ಟೆ ಒರೆಸಿ ಸಮಾಧಾನ ಮಾಡುವಷ್ಟರಲ್ಲಿ ಅರ್ಧ ಗಂಟೆ ಹೋದದ್ದು ನಿಜ. ಶಾಲೆಯವರು ಕೇಳಲಿಲ್ಲ, ಅವನು ಹೇಳಲಿಲ್ಲ. ಉರ್ಸುಲಾಳಿಗೇ ಈ ಸಂಗತಿ ಗೊತ್ತಾದದ್ದು ಎರಡು ವರ್ಷದ ಮೇಲೆ, ಆ ಮಗುವಿನ ತಾಯಿ ಆದಿತ್ಯವಾರದ ಪ್ರಾರ್ಥನೆಗೆ ಬಂದು ಇಗರ್ಜಿಯಲ್ಲಿ ಸಿಕ್ಕಿ ಹೇಳಿದಾಗ. "ನಿನ್ನ ಬಾಯಿಗೆ ಬೀಗ ಯಾರು ಹಾಕಿದ್ದು ಮಾರಾಯ?" ಎಂದು ಕೇಳಿದಳು.

ಆಮೇಲೆ ಬಂದದ್ದು ಎರಡು ಸಾವಿರದ ಏಳರ ಮಾಡೆಲಿನ ಸೆಕೆಂಡ್‌ಹ್ಯಾಂಡ್ ಪಿಕಪ್. ಹಿಂದೆ ಪ್ಲೈವುಡ್ಡಿನ ಎತ್ತರದ ಪೆಟ್ಟಿಗೆ, ಒಳಗೆ ಥರ್ಮಾಕೋಲ್, ಮೂಲೆಯಲ್ಲಿ ಮಂಜುಗಡ್ಡೆಗೆಂದು ಒಂದು ಟಬ್ಬು. ಹದಿನಾಲ್ಕು ವರ್ಷ ಆ ಪೆಟ್ಟಿಗೆಯಲ್ಲಿ ಹೋದ ಕೇಕು ಒಂದೂ ಒಡೆದಿರಲಿಲ್ಲ. ಪಕ್ಕದ ಸೀಟಿನಲ್ಲಿ ಉರ್ಸುಲಾ ರಿಪೇರಿ ಐಸಿಂಗಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಆ ಚೀಲವನ್ನು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮರಳಿ ಬರುವಾಗ ಸುಸ್ತಾಗಿ ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಜನ ಕೇಕನ್ನು ಹೊಗಳುವಾಗ ಅವಳು, "ಮಾಡಿದ್ದು ನಾನು, ಉಳಿಸಿದ್ದು ಅವನು" ಎನ್ನುತ್ತಿದ್ದಳು. ಬೇರೆಯವರಿಗೆ ಅದು ಸುಮ್ಮನೆ ಒಂದು ಮಾತು. ಮ್ಯಾಕ್ಸಿಮನಿಗೆ ಅದು ಸರ್ಟಿಫಿಕೇಟು. ಬದುಕಿನಲ್ಲಿ ಬೇರೆ ಯಾವುದೂ ಸಿಕ್ಕಿರಲಿಲ್ಲ.

ಕಳೆದ ನವೆಂಬರಿನಲ್ಲಿ ಒಂದೇ ವಾರ ಎರಡು ಕೇಕು ಬಿರುಕು ಬಿಟ್ಟವು. ಮೊದಲನೆಯದಕ್ಕೆ ಉರ್ಸುಲಾ ಚೀಲ ತೆರೆದಳು. ಎರಡನೆಯದಕ್ಕೆ ಬಾಯಿ ತೆರೆದಳು.

"ನೋಡು, ಇನ್ನೊಂದು ಒಡೆದರೆ ನಾನು ಶೆರ್ವಿನನ ವ್ಯಾನಿಗೆ ಹೇಳ್ತೇನೆ. ಮತ್ತೆ ನೀನು ಮೋರೆ ಊದಿಸಿಕೊಂಡು ಕೂರಬೇಡ."

ಶೆರ್ವಿನ್ ಎಂದರೆ ಕುಲಶೇಖರದ ಕಡೆಯ ಮೂವತ್ತರ ಹುಡುಗ. ಎ.ಸಿ. ವ್ಯಾನು ಇಟ್ಟುಕೊಂಡು ಊರಿನ ಅರ್ಧ ಬೇಕರಿಗಳ ಕೇಕು ಸಾಗಿಸುವವನು. ಒಳ್ಳೆಯವನೇ. ಅದೇ ಕಷ್ಟ.

"ಎಲ್ರೊಯ್ ಬರುವಾಗ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ ತರ್ತಾನಂತೆ, ಮನೆಯವರ ಗ್ರೂಪಿನಲ್ಲಿ ವಾಯ್ಸ್ ಹಾಕಿದ್ದಾನೆ. ಅಲ್ಲಿವರೆಗೆ ಕಾದರಾಯ್ತು" ಎಂದೂ ಉರ್ಸುಲಾ ಹೇಳಿದಳು. ಎಲ್ರೊಯ್ ಅವಳ ತಮ್ಮ. ಕುವೈತಿನ ಗ್ಯಾರೇಜೊಂದರಲ್ಲಿ ಫೋರ್‌ಮನ್. ತನ್ನ ಮಗಳು ಡ್ಯಾಫ್ನಿಯ ಮದುವೆಗೆ ಜನವರಿಯಲ್ಲಿ ಬರುವವನು. ಅಷ್ಟರಲ್ಲಿ ಉರ್ಸುಲಾಳಿಗೆ ಇನ್ನೂ ಆರು ಮದುವೆಯ ಆರ್ಡರ್ ಇತ್ತು. ಆರು ಕೇಕಿಗೆ ಆರು ಗಂಡಾಂತರ. ಮ್ಯಾಕ್ಸಿಮ್ ಕಾಯಲಿಲ್ಲ.

ಮೊದಲು ಪೇಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದ. ಕೌಂಟರಿನವನು ಗಾಜಿನ ಮೇಲೆ ನೀಲಿ ಬಣ್ಣದ ಗ್ಯಾಸ್ ಶಾಕ್ ಇಟ್ಟು, "ಎಂಟು ಸ್ಟೆಪ್ ಅಡ್ಜಸ್ಟ್‌ಮೆಂಟ್ ಉಂಟು. ಆಫ್ ರೋಡಿಗೆ ಸೂಪರ್" ಎಂದ.

"ನನ್ನದು ಆನ್ ರೋಡು."

"ಮಂಗಳೂರಿನಲ್ಲಿ ಎರಡೂ ಒಂದೇ ಅಲ್ವಾ ಸಾರ್?"

ಮ್ಯಾಕ್ಸಿಮನಿಗೆ ನಗು ಬಂತು, ನಂಬಿಕೆ ಬರಲಿಲ್ಲ. ಅಲ್ಲಿಂದ ಸೀದಾ ತೊಕ್ಕೊಟ್ಟಿಗೆ, ಉಮರಬ್ಬನ ಗ್ಯಾರೇಜಿಗೆ. ಉಮರಬ್ಬನಿಗೆ ಅರುವತ್ತು ದಾಟಿತ್ತು. ಲಾರಿ-ಪಿಕಪ್ಪುಗಳ ಅಡಿಯಲ್ಲಿ ಮಲಗಿಯೇ ಅರ್ಧ ಆಯುಷ್ಯ ಕಳೆದವನು. ಅವನು ಕ್ಯಾಟಲಾಗು ತೆರೆಯಲಿಲ್ಲ. ಬಂಪರಿನ ಮೇಲೆ ಎರಡು ಕೈಯಿಟ್ಟು ಒತ್ತಿ ಬಿಟ್ಟ. ಗಾಡಿ ಒಂದು ಸಲ ಕುಣಿದು ನಿಲ್ಲುವ ಬದಲು ನಾಲ್ಕು ಸಲ ಕುಣಿಯಿತು.

"ಶಾಕ್ ಸತ್ತೇ ಹೋಯ್ತು ಪೊರ್ಬುಗಳೇ," ಎಂದ, ಊರಿನಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ಎಣ್ಣೆ ಎಲ್ಲ ಹೊರಗೆ ಉಂಟು. ರಬ್ಬರಿನ ಬುಶ್ಶೂ ಹೋಗಿದೆ." ಮತ್ತೆ ಕೇಳಿದ, "ಲೋಡು ಎಷ್ಟು ಹಾಕ್ತೀರಿ?"

"ಕೇಕು. ನಲವತ್ತು ಕಿಲೋ."

"ಮತ್ತೆ?"

"ಮತ್ತೆ ಮಂಜುಗಡ್ಡೆ."

ಉಮರಬ್ಬ ಗಾಡಿಯ ಅಡಿಗೆ ಹೋಗಿ ಮಲಗಿ ಅಲ್ಲಿಂದಲೇ ಮಾತಾಡಿದ. "ಇದು ಒಂದು ಟನ್ ಹೊರುವ ಗಾಡಿ. ನಲವತ್ತು ಕಿಲೋ ಇದಕ್ಕೆ ಗೊತ್ತೇ ಆಗುವುದಿಲ್ಲ. ಹೊಟ್ಟೆ ಖಾಲಿ ಇರುವವ ಕೋಪಿಷ್ಠ ಅಲ್ವಾ, ಹಾಗೆ. ಗಟ್ಟಿ ಶಾಕ್ ಬೇಡ. ಕಂಪೆನಿಯವರು ಕೊಟ್ಟ ಹಾಗಿನದೇ ಮೆತ್ತಗಿನ ಎಣ್ಣೆ ಶಾಕ್ ಹಾಕುವ. ಹೊಸ ಬುಶ್ ಹಾಕುವ. ಮತ್ತೆ ಹಿಂದೆ ಭಾರ ಹೊರುವ ಪ್ಲೇಟ್ ಸ್ಪ್ರಿಂಗಿಗೆ ಏಳು ಎಲೆ ಉಂಟಲ್ಲ, ಅದರಲ್ಲಿ ಎರಡು ಎಲೆ ತೆಗೆಯುವ."

"ಊಟಕ್ಕೆ ಮೊದಲೇ ಎಲೆ ತೆಗೆಯುವುದಾ?" ಎಂದ ಮ್ಯಾಕ್ಸಿಮ್. ಆ ವರ್ಷ ಅವನು ಹೇಳಿದ ಒಂದೇ ಜೋಕು ಅದು. ಉಮರಬ್ಬ ಗಾಡಿಯ ಅಡಿಯಲ್ಲಿ ನಕ್ಕು ನಕ್ಕು ಸ್ಪ್ಯಾನರ್ ಬೀಳಿಸಿಕೊಂಡ.

ಪರೀಕ್ಷೆಗೆ ಉರ್ಸುಲಾ ಒಂದು ಕ್ಯಾರಮೆಲ್ ಪುಡ್ಡಿಂಗ್ ಮಾಡಿಕೊಟ್ಟಳು. ಮ್ಯಾಕ್ಸಿಮ್ ಅದನ್ನು ಪೆಟ್ಟಿಗೆಯಲ್ಲಿಟ್ಟು ನೇತ್ರಾವತಿ ಸೇತುವೆಯ ಮೇಲೆ ಹೋಗಿ ಬಂದ. ಆ ಸೇತುವೆಯಲ್ಲಿ ಕಾಂಕ್ರೀಟು ಸೇರುವ ಜೋಡುಗಳು ಕೇಕಿನ ಶತ್ರುಗಳು. ಇಪ್ಪತ್ತು ಮಾರಿಗೊಮ್ಮೆ ಅಡಿಯಿಂದ ಗುದ್ದುತ್ತವೆ. ಮನೆಗೆ ಬಂದು ಬಾಗಿಲು ತೆರೆದರೆ ಪುಡ್ಡಿಂಗ್ ಇಟ್ಟ ಹಾಗೆಯೇ ಇತ್ತು. ಮೇಲಿನ ಕಂದು ರಸ ಒಂದು ತೊಟ್ಟೂ ತಟ್ಟೆಗೆ ಇಳಿದಿರಲಿಲ್ಲ. ಗಂಡ ಹೆಂಡತಿ ಅಂಗಳದಲ್ಲೇ ನಿಂತು ಅದನ್ನು ಒಂದೇ ಚಮಚದಲ್ಲಿ ತಿಂದು ಮುಗಿಸಿದರು.

ಆರು ಮದುವೆ, ಆರು ಕೇಕು. ಒಂದಕ್ಕೂ ಕೂದಲೆಳೆಯಷ್ಟು ಬಿರುಕಿಲ್ಲ. ಡಿಸೆಂಬರಿನ ಕೊನೆಗೆ ಉರ್ಸುಲಾಳ ಬಾಯಿಂದ "ಉಳಿಸಿದ್ದು ಅವನು" ಎಂಬ ಮಾತು ಪುನಃ ಬಂತು.

ಜನವರಿ ಆರಕ್ಕೆ ಎಲ್ರೊಯ್ ಬಂದಿಳಿದ. ಪೆಟ್ಟಿಗೆ ತೆರೆಯುವ ಶಾಸ್ತ್ರಕ್ಕೆ ಮನೆಮಂದಿಯೆಲ್ಲ ಸುತ್ತ ಕೂತರು. ಗಲ್ಫಿನಿಂದ ಬಂದವರ ಪೆಟ್ಟಿಗೆ ತೆರೆಯುವಾಗ ಬರುವ ಒಂದು ಪರಿಮಳ ಉಂಟು, ಸೋಪು, ಬಾದಾಮಿ, ಹಾಲಿನ ಪುಡಿ ಎಲ್ಲ ಬೆರೆತದ್ದು. ಈ ಸಲ ಬಂದದ್ದು ಗ್ರೀಸಿನ ವಾಸನೆ. ಬೆಡ್‌ಶೀಟಿನಲ್ಲಿ ಸುತ್ತಿದ ನಾಲ್ಕು ಹಳದಿ ಶಾಕುಗಳು, ಮಕ್ಕಳನ್ನು ಮಲಗಿಸಿದ ಹಾಗೆ. ಜೊತೆಗೆ ಎರಡು ಜಾಸ್ತಿ ಎಲೆ, ಉಕ್ಕಿನವು.

"ಹದಿನೆಂಟು ಕಿಲೋ ಭಾವಾ!" ಎಂದ ಎಲ್ರೊಯ್. "ಅಮ್ಮನ ಹಾಲಿನ ಪುಡಿ ಬಿಟ್ಟೆ, ಡ್ಯಾಫ್ನಿಯ ಚಾಕ್ಲೇಟ್ ಬಿಟ್ಟೆ. ಮರಳುಗಾಡಿನಲ್ಲಿ ಒಂಟೆ ಬಿಟ್ಟರೆ ಇದೇ. ನಿಮ್ಮ ಗಾಡಿ ಇನ್ನು ಹಾರ್ತದೆ."

ಕೇಕು ಹಾರಬಾರದು ಎಂದು ಮ್ಯಾಕ್ಸಿಮನಿಗೆ ಹೇಳಬೇಕೆನಿಸಿತು. ಹೇಳಿದ್ದು ಇಷ್ಟೇ. "ನಾನು ಹಾಕಿಸಿಯಾಯ್ತು ಎಲ್ರೊಯ್. ತೊಕ್ಕೊಟ್ಟಿನಲ್ಲಿ."

ಕೋಣೆ ಒಮ್ಮೆಲೇ ತಣ್ಣಗಾಯಿತು. ಎಲ್ರೊಯ್‌ನ ತಾಯಿ ಹಾಲಿನ ಪುಡಿ ಇಲ್ಲದ ಪೆಟ್ಟಿಗೆಯನ್ನೂ ಅಳಿಯನ ಮುಖವನ್ನೂ ಸರದಿಯ ಮೇಲೆ ನೋಡಿದರು. ಉರ್ಸುಲಾ ಗಂಡನ ಬೆನ್ನಿಗೆ ಬೆರಳಿಂದ ತಿವಿದಳು.

ಎಲ್ರೊಯ್ ಅಂಗಳಕ್ಕೆ ಹೋಗಿ ಪಿಕಪ್ಪಿನ ಅಡಿಗೆ ಬಗ್ಗಿ ನೋಡಿದ. ಮೇಲೇಳುವಾಗ ನಗುತ್ತಿದ್ದ. "ಯಾರು ಈ ಎಲೆ ತೆಗೆದದ್ದು? ಮನುಷ್ಯನ ಪಕ್ಕೆಲುಬು ತೆಗೆದ ಹಾಗೆ ಆಯ್ತಲ್ಲ! ನಮ್ಮಲ್ಲಿ ಹೀಗೆ ಮಾಡಿದರೆ ವೀಸಾ ಕ್ಯಾನ್ಸಲ್ ಮಾಡ್ತಾರೆ."

"ಆರು ಕೇಕು ಹೋಯಿತು. ಎಂತ ಆಗಲಿಲ್ಲ."

"ಲಕ್ಕು ಭಾವಾ. ಅದು ಲಕ್ಕು."

ಒಳಗೆ ಹೋದ ಮೇಲೆ ಉರ್ಸುಲಾ ತಗ್ಗಿದ ಸ್ವರದಲ್ಲಿ ಹೇಳಿದಳು. "ಹದಿನೆಂಟು ಕಿಲೋ ಹೊತ್ತು ತಂದಿದ್ದಾನೆ. ಹಾಕದೆ ಅಟ್ಟದ ಮೇಲೆ ಇಟ್ಟರೆ ಅಮ್ಮ ಸಾಯುವವರೆಗೆ ಹೇಳಿಕೊಂಡು ಇರ್ತಾರೆ. ಹಾಕಿಸಿಕೋ. ಶಾಕಿನಲ್ಲಿ ಅಂಥದ್ದೆಂತ ಉಂಟು?"

ಏನುಂಟೆಂದು ಅವಳಿಗೂ ಗೊತ್ತಿತ್ತು, ಪುಡ್ಡಿಂಗ್ ತಿಂದ ಬಾಯಿ ಅದು. ಆದರೆ ಆ ಮನೆಯಲ್ಲಿ ಗಲ್ಫಿನ ವಸ್ತು ಬೇಡವೆಂದವರು ಈವರೆಗೆ ಹುಟ್ಟಿರಲಿಲ್ಲ. ಅಳತೆಗೆ ಬಾರದ ಬೂಟನ್ನು ಹತ್ತಿ ತುರುಕಿ ಹಾಕಿಕೊಂಡವರು, ಅಲರ್ಜಿಯಾದರೂ ಅತ್ತರು ಪೂಸಿಕೊಂಡವರು ಅವರು. ಮ್ಯಾಕ್ಸಿಮ್ ಆಯಿತೆಂದು ತಲೆಯಾಡಿಸಿದ.

ಆದಿತ್ಯವಾರ ಪೂಜೆ ಮುಗಿಸಿ ಬಂದು ಎಲ್ರೊಯ್ ಬರ್ಮುಡಾ ಚಡ್ಡಿಯಲ್ಲಿ ಅಂಗಳಕ್ಕಿಳಿದ. ಮಧ್ಯಾಹ್ನದ ಹೊತ್ತಿಗೆ ಹಳದಿ ಶಾಕು ಕೂತಿತು, ಉಕ್ಕಿನ ಎಲೆಗಳೂ ಕೂತವು. ಗಾಡಿಯ ಹಿಂಭಾಗ ಮೂರು ಇಂಚು ಮೇಲೆದ್ದಿತು. ಉಮರಬ್ಬ ಹಾಕಿದ್ದನ್ನು ಎಲ್ರೊಯ್ ದಾರಿಯಲ್ಲಿ ಹೋಗುತ್ತಿದ್ದ ಗುಜರಿಯವನಿಗೆ ಕೊಟ್ಟೇಬಿಟ್ಟ. "ಇಟ್ಟುಕೊಂಡರೆ ನಿಮಗೆ ಪುನಃ ಆಸೆ ಆಗ್ತದೆ" ಎಂದು ಕಣ್ಣು ಮಿಟುಕಿಸಿದ.

ಮರುದಿನ ಮ್ಯಾಕ್ಸಿಮ್ ಯಾರಿಗೂ ಹೇಳದೆ ಪುಡ್ಡಿಂಗ್ ಒಂದನ್ನು ಬೇಕರಿಯಿಂದ ತಂದು ಪೆಟ್ಟಿಗೆಯಲ್ಲಿಟ್ಟುಕೊಂಡು ಸೇತುವೆಗೆ ಹೋದ. ಅರ್ಧ ಸೇತುವೆಗೇ ಅದು ತಟ್ಟೆ ಬಿಟ್ಟು ಥರ್ಮಾಕೋಲ್ ಗೋಡೆಯನ್ನು ಹಿಡಿದುಕೊಂಡಿತ್ತು. ತೊಕ್ಕೊಟ್ಟಿನವರೆಗೆ ಹೋಗಿ ಉಮರಬ್ಬನಿಗೆ ಗಾಡಿ ತೋರಿಸಿದ.

ಉಮರಬ್ಬ ಹಳದಿ ಶಾಕನ್ನು ಬೆರಳಿಂದ ತಟ್ಟಿ, "ಒಳ್ಳೆ ಮಾಲು," ಎಂದ. "ಸುಳ್ಳು ಹೇಳಬಾರದು. ನಾನು ಇಂಥದ್ದು ಕೈಯಲ್ಲಿ ಹಿಡಿದದ್ದೇ ಇಲ್ಲ. ಆದರೆ ನಿಮ್ಮ ಕೆಲಸಕ್ಕೆ ಅಲ್ಲ. ಬಿಚ್ಚುವುದಾ?"

"ಬಿಚ್ಚಲಿಕ್ಕೆ ಆಗುವುದಿಲ್ಲ. ಮದುವೆ ಕಳೆಯುವವರೆಗೆ ಅವನು ದಿನಾ ಬಗ್ಗಿ ನೋಡ್ತಾನೆ."

"ಹಾಗಾದರೆ ಭಾರ ಹಾಕಿ. ಎಂಟುನೂರು ಕಿಲೋ ಮರಳು. ಕೇಕಿನ ಸುತ್ತ ಚೀಲ ಇಟ್ಟುಬಿಡಿ. ಹೊಟ್ಟೆ ತುಂಬಿದರೆ ಸ್ಪ್ರಿಂಗು ಬಗ್ಗುತ್ತದೆ, ಮೆತ್ತಗೆ ಹೋಗುತ್ತದೆ."

ಮ್ಯಾಕ್ಸಿಮ್ ಪಕ್ಕದ ಕಟ್ಟಡದ ಕೆಲಸದವರಿಂದ ಮರಳು ಪಡೆದು ಹದಿನಾರು ಚೀಲ ತುಂಬಿ ಹೊಲಿದ. ನೀರು ತುಂಬಿದ ಚೆಂಬಿಟ್ಟು ಓಡಿಸಿ ನೋಡಿದ. ಚೆಂಬು ಚೆಲ್ಲಲಿಲ್ಲ. ಎದೆಯ ಭಾರವೂ ಅಷ್ಟರಮಟ್ಟಿಗೆ ಗಾಡಿಗೆ ಹೋಯಿತು. ಉರ್ಸುಲಾಳಿಗೆ ಮಾತ್ರ ವಿಷಯ ಹೇಳಿದ. "ನಿನಗೆ ಹೇಗೆ ಬೇಕೋ ಹಾಗೆ ಮಾಡು, ಕೇಕು ಹಾಲಿಗೆ ಮುಟ್ಟಿದರೆ ಸಾಕು" ಎಂದಳು.

ಡ್ಯಾಫ್ನಿಯ ಮದುವೆಯ ಕೇಕು ಉರ್ಸುಲಾ ಅದುವರೆಗೆ ಮಾಡಿದವುಗಳಲ್ಲೆಲ್ಲ ದೊಡ್ಡದು. ಐದಂತಸ್ತು, ಪ್ರತಿ ಅಂತಸ್ತಿಗೂ ಸಕ್ಕರೆಯ ಮಲ್ಲಿಗೆ ಮಾಲೆ. ಒಂದೊಂದು ಮೊಗ್ಗೂ ಕೈಯಲ್ಲೇ ಮಾಡಿದ್ದು. ಮೂರು ದಿನ ಅವಳು ಮನೆಯಲ್ಲಿ ಮಾತಾಡಿರಲಿಲ್ಲ. ಹಾಲು ತೊಕ್ಕೊಟ್ಟಿನಾಚೆ. ಇಗರ್ಜಿಯ ಕಾರ್ಯ ನಾಲ್ಕಕ್ಕೆ. ಎರಡು ಗಂಟೆಗೆ ಕೇಕನ್ನು ಮರಳ ಚೀಲಗಳ ನಡುವೆ, ತೊಟ್ಟಿಲಲ್ಲಿ ಇಟ್ಟ ಹಾಗೆ ಇಟ್ಟರು. ಉರ್ಸುಲಾ ಈ ಸಲ ಅವನ ಜೊತೆ ಬರುವಂತಿರಲಿಲ್ಲ, ಮದುಮಗಳ ಸೋದರತ್ತೆ ಎಂದು ಕಾರಿನಲ್ಲಿ ಹೋಗಬೇಕಿತ್ತು.

ಅಷ್ಟರಲ್ಲಿ ಎಲ್ರೊಯ್ ಸೂಟು ಹಾಕಿಕೊಂಡು ಬಂದ. ಎಂದಿನಂತೆ ಬಗ್ಗಿ ಶಾಕು ನೋಡಿದ, ಮೇಲೆದ್ದು ಪೆಟ್ಟಿಗೆಯೊಳಗೆ ನೋಡಿದ.

"ಇದೆಂತ? ನನ್ನ ಮಗಳ ಕೇಕಿಗೆ ಸಿಮೆಂಟಿನ ಚೀಲವಾ?"

"ಮರಳು. ಗಾಡಿಗೆ ಭಾರ ಬೇಕು. ಇಲ್ಲದಿದ್ದರೆ ಕುಲುಕುತ್ತದೆ."

"ನಾನು ತಂದ ಶಾಕು ಕುಲುಕುತ್ತದಾ?" ಎಲ್ರೊಯ್‌ನ ಮುಖ ಕೆಂಪು ಟೈಯ ಬಣ್ಣಕ್ಕೆ ತಿರುಗಿತು. "ಹಾಲಿನ ಗೇಟಿನಲ್ಲಿ ಡ್ರೋನಿನವರು ಕಾಯ್ತಾ ಇದ್ದಾರೆ ಭಾವಾ, ಕೇಕು ಬರುವ ವೀಡಿಯೋಕ್ಕೆ. ಬಾಗಿಲು ತೆರೆದಾಗ ಗೋಣಿ ಕಾಣಬೇಕಾ? ಹುಡುಗನ ಕಡೆಯವರು ಎಂತ ಗ್ರಹಿಸಬೇಕು? ತೆಗೀರಿ ಅದನ್ನು."

ಮ್ಯಾಕ್ಸಿಮ್ ಉರ್ಸುಲಾಳನ್ನು ನೋಡಿದ. ಅವಳು ಸೀರೆಯ ನೆರಿಗೆ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದಳು.

"ತೆಗಿ ಮಾರಾಯ. ಇವತ್ತೊಂದು ದಿನ ಅವನು ಹೇಳಿದ ಹಾಗೆ ಆಗಲಿ. ನೀನು ನಿಧಾನ ಹೋಗ್ತಿಯಲ್ಲ."

"ಆಗುವುದಿಲ್ಲ ಅಂತಾದರೆ ಹೇಳಿ," ಎಂದ ಎಲ್ರೊಯ್ ಫೋನು ಹೊರಗೆಳೆಯುತ್ತಾ. "ಶೆರ್ವಿನನ ನಂಬರ್ ಉಂಟು ನನ್ನ ಹತ್ತಿರ. ಹತ್ತು ನಿಮಿಷದಲ್ಲಿ ಬರ್ತಾನೆ."

ಆ ಹೊತ್ತಿನಲ್ಲಿ ಮ್ಯಾಕ್ಸಿಮ್, "ಸರಿ, ಅವನನ್ನೇ ಕರಿ" ಎಂದಿದ್ದರೆ ಕೇಕು ಉಳಿಯುತ್ತಿತ್ತು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಉರ್ಸುಲಾಳ ಕೈಯಿಂದ ಹೊರಟವುಗಳಲ್ಲೇ ಚೆಂದದ ಕೇಕು ಬೇರೆಯವನ ವ್ಯಾನಿನಲ್ಲಿ ಹೋಗುವುದನ್ನು ಗೇಟಿನಲ್ಲಿ ನಿಂತು ನೋಡುವುದು ಹೇಗೆ? ಅವನು ಬಿಳಿ ಅಂಗಿಯ ತೋಳು ಮಡಚಿ ಹದಿನಾರು ಚೀಲಗಳನ್ನು ತಾನೇ ಒಂದೊಂದಾಗಿ ಇಳಿಸಿದ. ಎಲ್ರೊಯ್ ಸೂಟಿಗೆ ಮರಳು ತಾಗದಷ್ಟು ದೂರದಲ್ಲಿ ನಿಂತು, "ನೋಡಿ, ಈಗ ಗಾಡಿ ಎಷ್ಟು ಎತ್ತರ ಕಾಣ್ತದೆ" ಎಂದ.

ಹತ್ತು ಕಿಲೋಮೀಟರಿಗೆ ಮ್ಯಾಕ್ಸಿಮ್ ಒಂದು ಗಂಟೆ ತೆಗೆದುಕೊಂಡ. ನಂತೂರಿನ ಇಳಿಜಾರಿನಲ್ಲಿ ಹಿಂದಿನ ಬಸ್ಸಿನವರು ಹಾರ್ನಿನಲ್ಲಿ ಅವನ ವಂಶವನ್ನೆಲ್ಲ ನೆನಪಿಸಿಕೊಂಡರು. ಪಂಪ್‌ವೆಲ್ ದಾಟುವವರೆಗೆ ಪೆಟ್ಟಿಗೆಯಿಂದ ಸದ್ದಿಲ್ಲ. ಸೇತುವೆಯ ಮೊದಲ ಜೋಡಿಗೆ ಸ್ಟೇರಿಂಗೇ ಕೈಯಲ್ಲಿ ಎಗರಿತು. ಎರಡನೆಯದಕ್ಕೆ ನಡಿಗೆಯ ವೇಗಕ್ಕೆ ಇಳಿಸಿದ. ಖಾಲಿ ಹೊಟ್ಟೆಯ ಉಕ್ಕಿನ ಎಲೆಗಳಿಗೆ ನಡಿಗೆ, ಓಟ ಎಲ್ಲ ಒಂದೇ. ಐದನೆಯದಕ್ಕೆ ಹಿಂದೆ ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂಥ ಒಂದು ಸದ್ದು ಕೇಳಿಸಿತು. ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ. ಉಳಿದ ಜೋಡುಗಳನ್ನೆಲ್ಲ ಅವನು ಹಲ್ಲು ಕಚ್ಚಿಕೊಂಡು ದಾಟಿದ.

ಹಾಲಿನ ಗೇಟಿನಲ್ಲಿ ಡ್ರೋನು ತಲೆಯ ಮೇಲೆ ಬಂದು ಗುಂಯ್‌ಗುಟ್ಟಿತು. ಬಾಗಿಲು ತೆರೆದರೆ ಮೂರನೆಯ ಅಂತಸ್ತು ಎದೆ ಬಿರಿದು ಪಕ್ಕಕ್ಕೆ ಜಾರಿತ್ತು. ಮೇಲಿನ ಎರಡು ಅದರ ಮೇಲೆ ಕುಡಿದವರ ಹಾಗೆ ವಾಲಿದ್ದವು. ಮಲ್ಲಿಗೆ ಮೊಗ್ಗುಗಳು ಮಂಜುಗಡ್ಡೆಯ ನೀರಿನಲ್ಲಿ ತೇಲುತ್ತಿದ್ದವು.

ಇಗರ್ಜಿ ಮುಗಿಸಿ ಬಂದ ಉರ್ಸುಲಾ ಹಾಲಿನ ಅಡುಗೆಕೋಣೆಯಲ್ಲಿ ಸೀರೆಯ ಮೇಲೆ ಯಾರದೋ ಏಪ್ರನ್ ಕಟ್ಟಿಕೊಂಡು ಒಂದು ಗಂಟೆ ಕೆಲಸ ಮಾಡಿದಳು. ಮೂರನೆಯ ಅಂತಸ್ತನ್ನು ತೆಗೆದೇ ಬಿಟ್ಟಳು. ಉಳಿದ ನಾಲ್ಕನ್ನು ಬಿರುಕು ಗೋಡೆಯ ಕಡೆ ಬರುವಂತೆ ನಿಲ್ಲಿಸಿದಳು. ಅವಳು ಬೈಯುತ್ತಾಳೆ ಎಂದು ಮ್ಯಾಕ್ಸಿಮ್ ಕಾದ. ಬೈಯಲಿಲ್ಲ. ಅವನು ಹಿಡಿದುಕೊಂಡಿದ್ದ ಐಸಿಂಗಿನ ಚೀಲವನ್ನು ತೆಗೆದುಕೊಳ್ಳುವಾಗ ಮುಖವನ್ನೂ ನೋಡಲಿಲ್ಲ.

ಎಲ್ರೊಯ್ ಬಾಗಿಲಲ್ಲಿ ನಿಂತು ತಲೆಯಾಡಿಸಿದ. ಹಿಂದೆ ಹುಡುಗನ ಕಡೆಯ ಇಬ್ಬರು ಹೆಂಗಸರಿದ್ದರು. "ಎಂಥ ಶಾಕು ಹಾಕಿಕೊಟ್ಟಿದ್ದೆ ಭಾವಾ. ಹತ್ತು ಕಿಲೋಮೀಟರ್ ಜಾಗ್ರತೆಯಲ್ಲಿ ಓಡಿಸಲಿಕ್ಕೆ ಆಗಲಿಲ್ಲ ಅಲ್ವಾ?"

ಚೀಲ ಇಳಿಸಿದ ಸಂಗತಿ ಆ ಕೋಣೆಯಲ್ಲಿ ಮೂರು ಜನರಿಗೆ ಗೊತ್ತಿತ್ತು. ಒಬ್ಬ ಪ್ರಶ್ನೆ ಕೇಳಿಯಾಗಿತ್ತು. ಒಬ್ಬ ಹೇಳುವವನಲ್ಲ. ಮ್ಯಾಕ್ಸಿಮ್ ಮೂರನೆಯವಳನ್ನು ನೋಡಿದ.

"ಬಿಡು ಎಲ್ರೊಯ್," ಎಂದಳು ಉರ್ಸುಲಾ, ಚೂರಿಯಿಂದ ಐಸಿಂಗ್ ಸವರುತ್ತಾ. "ಅವನಿಗೆ ಪ್ರಾಯ ಆಯ್ತು. ಗಾಡಿಗೂ ಪ್ರಾಯ ಆಯ್ತು."

ಗ್ಲಾಸು ಎತ್ತಿ ಶುಭ ಕೋರುವ ಟೋಸ್ಟಿನ ಹೊತ್ತಿಗೆ ಮೈಕು ಹಿಡಿದವರು ಮದುಮಗಳ ಸೋದರತ್ತೆಯ ಕೈಚಳಕವನ್ನು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನವರು, ಒಳ್ಳೆ ಕೇಕು, ಒಂದು ಅಂತಸ್ತು ಕಡಿಮೆ ಯಾಕೆ ಎಂದು ಕೇಳಿದಾಗ ಮ್ಯಾಕ್ಸಿಮ್ ತಟ್ಟೆಯಲ್ಲಿದ್ದ ಇಡ್ಲಿಯಂಥ ಸನ್ನಣವನ್ನು ಹಂದಿ ಸಾರಿನಲ್ಲಿ ಅದ್ದಿದ. ತಿನ್ನಲಿಲ್ಲ.

ಫೆಬ್ರವರಿಯ ಮೊದಲ ಮದುವೆಗೆ ಬೆಳಿಗ್ಗೆ ಗೇಟಿನ ಮುಂದೆ ಬಿಳಿ ವ್ಯಾನು ನಿಂತಿತು. ಉರ್ಸುಲಾ ಹಿಂದಿನ ದಿನವೇ ಹೇಳಿದ್ದಳು, ಊಟ ಬಡಿಸುವಾಗ, ಮೀನಿಗೆ ಉಪ್ಪು ಕಡಿಮೆ ಎಂಬುದನ್ನು ಹೇಳುವ ಸ್ವರದಲ್ಲೇ. ಕೇಕಿನ ಹಲಗೆಯ ಒಂದು ತುದಿಯನ್ನು ಅವಳು, ಇನ್ನೊಂದನ್ನು ಮ್ಯಾಕ್ಸಿಮ್ ಹಿಡಿದು ಅಂಗಳ ದಾಟಿದರು.

"ಅಂಕಲ್, ಸ್ವಲ್ಪ ನಿಧಾನ. ನಾನು ಹಿಡಿಯಲಾ?" ಎಂದ ಶೆರ್ವಿನ್. ನಿಜವಾದ ಮರ್ಯಾದೆಯಿಂದಲೇ ಕೇಳಿದ್ದ.

ಮ್ಯಾಕ್ಸಿಮ್ ತುದಿಯನ್ನು ಅವನ ಕೈಗೆ ಕೊಟ್ಟ. ಉರ್ಸುಲಾ ಮುಂದಿನ ಸೀಟಿನಲ್ಲಿ ಕೂತಳು. ಮಡಿಲಲ್ಲಿ ಐಸಿಂಗಿನ ಚೀಲ ಇರಲಿಲ್ಲ. ವ್ಯಾನಿನವರೇ ಇಟ್ಟುಕೊಂಡಿರುತ್ತಾರಂತೆ.

ವ್ಯಾನು ತಿರುವು ದಾಟುವ ಮೊದಲೇ ಫೋನು ರಿಂಗಾಯಿತು. ಕುವೈತಿನಿಂದ ವೀಡಿಯೋ ಕಾಲ್.

"ಭಾವಾ, ಶಾಕು ಹೇಗುಂಟು? ತೋರಿಸಿ ಒಮ್ಮೆ."

ಮ್ಯಾಕ್ಸಿಮ್ ಮೊಣಕಾಲೂರಿ ಫೋನನ್ನು ಪಿಕಪ್ಪಿನ ಅಡಿಗೆ ಹಿಡಿದ. ಹಳದಿ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಗಾಡಿ ಓಡಿದ್ದರಲ್ಲವೇ ಮಾಸುವುದು.

"ಆಹಾ! ಹೊಸತರ ಹಾಗೆಯೇ ಉಂಟು ನೋಡಿ," ಎಂದ ಎಲ್ರೊಯ್. "ಹತ್ತು ವರ್ಷ ಅದನ್ನು ಮುಟ್ಟುವುದೇ ಬೇಡ."

"ಇಲ್ಲ," ಎಂದ ಮ್ಯಾಕ್ಸಿಮ್. "ಮುಟ್ಟುವುದಿಲ್ಲ."